ಮೂರು ಸಲ ಹಾಲುಕ್ಕಿದ ಮನೆ

ಅವರ ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷದ ಸುಣ್ಣ ತಿಂದುಹಾಕಿತ್ತು. ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಬರೀ ನೀಲಿ ಮಚ್ಚೆ ಬೀಳುತ್ತಿತ್ತು. "ನಾನು ಯಾರಂತ ಸರ್ಕಾರಕ್ಕೇ ಗೊತ್ತಿಲ್ಲ" ಎಂದು ನಗುತ್ತಿದ್ದರು.

ದುರ್ಗದ ಕೋಟೆಯ ಕೆಳಗೆ, ನಮ್ಮ ಪಕ್ಕದ ಮನೆಯ ಗಾರೆ ಮೇಸ್ತ್ರಿ ಅವರು. ಹೊಸ ಬಡಾವಣೆಯ ಅರ್ಧ ಮನೆಗಳನ್ನು ಕಟ್ಟಿದವರು.

ಎಪ್ಪತ್ತರ ದಶಕದ ನಡುವೆ ಇರಬೇಕು, ಆ ಬಡಾವಣೆಯ ಬೆಲೆ ಹಬ್ಬದಿಂದ ಹಬ್ಬಕ್ಕೆ ಏರುತ್ತಿತ್ತು. ಈಗ ಕೊಳ್ಳದಿದ್ದರೆ ಇನ್ನೆಂದೂ ಆಗದು ಎಂಬ ಹೆದರಿಕೆಗೆ ನನಗೆ ಊಟ ಸೇರುತ್ತಿರಲಿಲ್ಲ. ಇದ್ದೊಂದು ಹಳೆಯ ಮನೆ ಮಾರಿ ಅಲ್ಲೊಂದು ಕೊಳ್ಳಲು ಹೊರಟೆ. "ನಾಳೆ ಹೊಳಲ್ಕೆರೆಯೋರು ಬರ್ತಾರೆ, ಆಮೇಲೆ ನನ್ನ ಕೇಳ್ಬ್ಯಾಡ್ರಿ" ಎಂದಿದ್ದ ದಲ್ಲಾಳಿ.

ಮುಂಗಡ ಕೊಡುವ ಬೆಳಿಗ್ಗೆ ಮೇಸ್ತ್ರಿ ನನ್ನ ಸೈಕಲ್ ಹಿಡಿದು ನಿಲ್ಲಿಸಿದರು.

"ನಡಿಯಪ್ಪ, ಒಲೆ ನೋಡ್ಕಂಡು ಬರಾಣ."

"ಮನೆ ನೋಡೀನಿ ಮೇಸ್ತ್ರಿಗಳೇ."

"ಮನೆ ಎಲ್ಲಾರೂ ನೋಡ್ತಾರೆ."

ನಾನು ಕೊಳ್ಳಲಿದ್ದ ಮನೆಯ ಅಡುಗೆಕೋಣೆಯಲ್ಲಿ ಅವರು ಕುಕ್ಕರಗಾಲಲ್ಲಿ ಕೂತರು. ಒಲೆಯ ಅಂಚಿನಲ್ಲಿ ಒಂದರ ಮೇಲೊಂದು ಒಣಗಿದ ಹಾಲಿನ ಕಲೆ. ಹಿಂದಿನ ಗೋಡೆ ಮಾತ್ರ ಬೆಳ್ಳಗೆ.

"ಮೂರು ಸಲ ಮಾರಾಟ ಆಗೈತೆ. ಮೂರು ಸಲಾನೂ ಹಾಲುಕ್ಸಿ ಬೀಗ ಹಾಕ್ಯಾರೆ. ಒಂದ್ಸಲಾನೂ ಅನ್ನ ಬೆಂದಿಲ್ಲ. ಬೆಲೆ ಏರ್ಲಿ, ಅದ್ಕೆ ನಾನು ಹೆದ್ರಲ್ಲ. ಕೊಂಡೋರೆಲ್ಲ ಮಾರಾಕೇ ಕುಂತವ್ರೆ. ಇರಾಕೆ ಬರೋರು ಯಾರಪ್ಪ?"

ಅವರು ಹಾಲಿನ ಕಲೆಯನ್ನು ಉಗುರಿನಿಂದ ಕೆರೆದರು. "ಇದ್ರ ಪಕ್ಕದ ಮನೆ ನಂದು. ಕೂಲಿ ಬದ್ಲು ತಗಂಡೀನಿ. ನೀನು ಬ್ಯಾಡ ಅಂದ್ರೆ ನಂದ್ರ ಬೆಲೇನೂ ಬೀಳ್ತೈತೆ."

ಈ ಕೊನೆಯ ಮಾತು ಅಂದೇ ಆಡಿದರೋ, ಆಮೇಲೆ ನಾನೇ ಅವರ ಬಾಯಿಗೆ ಹಾಕಿದೆನೋ, ಖಚಿತವಿಲ್ಲ. ಕಲೆ ಕೆರೆದದ್ದು ಖಚಿತ.

ನಾನು ಕೊಳ್ಳಲಿಲ್ಲ; ಹಳೆಯ ಮನೆ ಮಾರಲೂ ಇಲ್ಲ. ಬೆಲೆ ದೀಪಾವಳಿಗೆ ಇನ್ನೂ ಏರಿತು. ನನ್ನ ಹೆಂಡತಿ ಅವರ ಮನೆಗೆ ಮಜ್ಜಿಗೆ ಕೊಡುವುದನ್ನು ಬಿಟ್ಟಳು. ನಾನೂ ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದೆ. ಯುಗಾದಿ ಹೊತ್ತಿಗೆ ಕೊಳ್ಳುವವರು ಬರುವುದು ನಿಂತಿತು; ಹೊಳಲ್ಕೆರೆಯವರೂ ಬರಲಿಲ್ಲ. ದಲ್ಲಾಳಿ ಹಿರಿಯೂರಿಗೆ ಹೋದನಂತೆ. ಯಾರಿಗೂ ಬೇಡವಾದ ತಮ್ಮ ಮನೆಗೆ ಮೇಸ್ತ್ರಿಯೇ ಹೆಂಡತಿಯೊಂದಿಗೆ ಹೋಗಿ ಒಲೆ ಹಚ್ಚಿದರು. ಆ ಸಾಲಿನಲ್ಲಿ ಮೊದಲು ಹೊಗೆ ಎದ್ದದ್ದು ಅಲ್ಲೇ.

ಎರಡು ವರ್ಷಕ್ಕೆ ಅಲ್ಲೇ ತೀರಿಕೊಂಡರು. ಮಣ್ಣು ಮುಗಿಸಿ ಬಂದು ಅವರ ಅಡುಗೆಕೋಣೆಯ ಗೋಡೆ ಮುಟ್ಟಿದೆ. ಬೆಚ್ಚಗಿತ್ತು ಎಂದು ಬರೆಯಲು ಆಸೆ. ಸಾವಿನ ಮನೆಯಲ್ಲಿ ಯಾರೂ ಒಲೆ ಹಚ್ಚಿರಲಿಲ್ಲ. ಅಂಗೈಗೆ ಮಸಿ ಮಾತ್ರ ಹತ್ತಿತು. ಆ ಕೈಯಿಂದಲೇ ನಮ್ಮ ಹಳೆಯ ಮನೆಯ ಬಾಗಿಲು ತೆರೆದೆ.