ಐದು ತುಂಡುಗಳ ಕನ್ನಡ

ನನ್ನ ಕೈಬರಹವನ್ನು ನನ್ನ ಹೆಂಡತಿಯೂ ಓದಲಾರಳು. ಸಾಮಾನಿನ ಚೀಟಿ ಬರೆದುಕೊಟ್ಟರೆ ಅಂಗಡಿಯಿಂದಲೇ ಫೋನ್ ಮಾಡಿ ಅರ್ಥ ಕೇಳುತ್ತಾಳೆ. ಅಂಥವನು ಹದಿನೆಂಟು ವರ್ಷಗಳಿಂದ ಗಲ್ಫಿನ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಅಂಗಡಿ ಬೋರ್ಡುಗಳ ಅಕ್ಷರ ವಿನ್ಯಾಸ ಮಾಡಿಯೇ ಅನ್ನ ತಿನ್ನುತ್ತಿದ್ದೇನೆ ಎಂದರೆ ನೀವು ನಂಬಬೇಕು. ಇನ್ನೂ ನಾಚಿಕೆಯ ಸಂಗತಿಯೆಂದರೆ, ಅಷ್ಟು ವರ್ಷಗಳಲ್ಲಿ ಒಂದೇ ಒಂದು ಕನ್ನಡ ಬೋರ್ಡು ಮಾಡಿರಲಿಲ್ಲ.

ಹಾಗಾಗಿ, ದುಬೈಯ ಕರಾಮದಲ್ಲಿ ಹೋಟೆಲ್ ತೆರೆಯಲಿದ್ದ ಉಡುಪಿ ಕಡೆಯ ಶೆಟ್ಟರು, “ಅರಬಿ, ಇಂಗ್ಲಿಷ್ ಸರಿ. ಕನ್ನಡದಲ್ಲೂ ‘ಊಟದ ಮನೆ’ ಅಂತ ಬೇಕಲ್ಲ ಮಾರಾಯ್ರೆ” ಎಂದಾಗ ನನ್ನ ಎದೆ ಉಬ್ಬಿತು. ತಗಡು ಬಗ್ಗಿಸುವ ನಮ್ಮ ಪೆಶಾವರದ ಯೂಸುಫ್ ಭಾಯ್ ಮಾತ್ರ ನನ್ನ ನಕ್ಷೆ ನೋಡಿ ಕೈಚೆಲ್ಲಿದ. “ಸಾಬ್, ಯೇ ತೋ ಜಲೇಬಿ ಹೈ. ಏಕ್ ಹಫ್ತಾ ಲಗೇಗಾ.” ಅವನಿಗೆ ಒಂದು ವಾರ ಬೇಕು, ಉದ್ಘಾಟನೆಗೆ ಉಳಿದದ್ದು ಮೂರೇ ದಿನ. “ಆಗ್ಲಿಕ್ಕಿಲ್ಲಾಂದ್ರೆ ಕನ್ನಡ ಬಿಡುವ, ಎಂತ ಮಾಡುದು” ಎಂದರು ಶೆಟ್ಟರು. ನನಗೆ ಕೆಟ್ಟ ಸಿಟ್ಟು ಬಂತು. ಬಿಡಬೇಕಾದಾಗಲೆಲ್ಲ ಕನ್ನಡವನ್ನೇ ಏಕೆ ಬಿಡಬೇಕು?

ಆಗ ನೆರವಿಗೆ ಬಂದದ್ದು ಇಟಲಿ. ಕಳೆದ ಶತಮಾನದ ಮೊದಲರ್ಧದಲ್ಲಿ ಅಲ್ಲಿನ ಅಚ್ಚುಮೊಳೆ ತಯಾರಕರು ಒಂದು ಜಾಣತನ ಮಾಡಿದ್ದರು. ಅಕ್ಷರಕ್ಕೊಂದು ಮೊಳೆ ಎರಕ ಹೊಯ್ಯುವ ಬದಲು ಪಟ್ಟಿ, ಚೌಕ, ಕಾಲುವೃತ್ತದಂಥ ಕೆಲವೇ ತುಂಡುಗಳನ್ನು ಮುದ್ರಕನ ಕೈಗೆ ಕೊಟ್ಟರು; ಯಾವ ಅಕ್ಷರ ಬೇಕೋ, ಎಷ್ಟು ದೊಡ್ಡದು ಬೇಕೋ, ನೀನೇ ಕಟ್ಟಿಕೋ ಎಂದರು. ನಾನೂ ಅವರಂತೆಯೇ ಪಟ್ಟಿ, ಚೌಕಗಳಲ್ಲಿ ‘ಟ’ ಕಟ್ಟಿದೆ. ಅದು ಕಿಟಕಿಗೆ ಕೂರಿಸಿದ ಹಳೆಯ ಏಸಿಯಂತೆ ಕಂಡಿತು. ತಪ್ಪು ಇಟಲಿಯದಲ್ಲ. ನಮ್ಮ ಅಕ್ಷರಗಳು ನೆಟ್ಟಗೆ ನಿಲ್ಲುವ ಜಾತಿಯವಲ್ಲ, ಚಕ್ಕಳಮಕ್ಕಳ ಹಾಕಿ ಕೂರುವವು. ಚೌಕವನ್ನು ಅತ್ತ ಸರಿಸಿ ಉಂಗುರ, ಅರ್ಧ ಉಂಗುರ, ಕಾಲು ಉಂಗುರ, ಗಿಡ್ಡ ಪಟ್ಟಿ, ತಲೆಕಟ್ಟಿಗೊಂದು ಕೊಕ್ಕೆ ಎಂದು ಐದೇ ಆಕಾರ ಇಟ್ಟುಕೊಂಡೆ. ಹೆಸರಿನ ಅಷ್ಟೂ ಅಕ್ಷರಗಳು ಎದ್ದು ಬಂದವು! ಯೂಸುಫ್ ಭಾಯ್ ಒಂದೇ ದಿನದಲ್ಲಿ ತುಂಡುಗಳನ್ನೆಲ್ಲ ಬಗ್ಗಿಸಿ ಮುಗಿಸಿದ.

ಉದ್ಘಾಟನೆಯ ಮಧ್ಯಾಹ್ನ ಕರಾಮಕ್ಕೆ ಹೋದರೆ ಶೆಟ್ಟರು ಫುಟ್‌ಪಾತಿನಲ್ಲಿ ಕತ್ತೆತ್ತಿ ನಿಂತಿದ್ದರು. “ಎಂತ ಮಾರಾಯ್ರೆ ಇದು, ತೆಲುಗಾ?” ತೆಲುಗೂ ಅಲ್ಲ. ಜೀವಮಾನವಿಡೀ ಅರಬಿ ಬೋರ್ಡು ಕೂರಿಸಿದ ಯೂಸುಫ್ ಭಾಯ್, ನಾನು ನಂಬರು ಹಾಕಿ ಕಳಿಸಿದ್ದ ತುಂಡುಗಳನ್ನು ಅಭ್ಯಾಸಬಲದಿಂದ ಬಲಗಡೆಯಿಂದ ಜೋಡಿಸುತ್ತ ಬಂದಿದ್ದ. ಪುಣ್ಯಕ್ಕೆ, ತುಂಡು ಸಿಕ್ಕಿಸಲು ಬೋರ್ಡಿಗೆ ಕೊರೆದ ತೂತುಗಳೆಲ್ಲ ಒಂದೇ ಅಂತರದವು. ಯಾವ ತುಂಡನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದಿತ್ತು. “ಯಲ್ಲಾ!” ಎಂದು ಅವಸರಿಸಿದ ಯೂಸುಫ್ ಭಾಯ್. ಬಿಚ್ಚಿದೆವು, ಎಡಗಡೆಯಿಂದ ಕಟ್ಟಿದೆವು.

ಸಂಜೆ ದೀಪ ಹಾಕಿದಾಗ ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬರು ನಿಂತು, “ಊಟದ ಮನೆ” ಎಂದು ಗಟ್ಟಿಯಾಗಿ ಓದಿದರು. ಶೆಟ್ಟರು ಮಾತ್ರ ಮೂರೂ ಸಾಲುಗಳನ್ನು ಬಹಳ ಹೊತ್ತು ನೋಡಿ ಹುಬ್ಬು ಗಂಟಿಕ್ಕಿದರು.

“ಅಲ್ಲ ಮಾರಾಯ್ರೆ, ಆ ಇಂಗ್ಲಿಷ್ ಸಪ್ಪೆ ಕಾಣ್ತದಲ್ಲ? ಅದನ್ನೂ ಇದೇ ತುಂಡುಗಳಲ್ಲಿ ಮಾಡ್ಲಿಕ್ಕೆ ಆಗ್ತದಾ? ಕನ್ನಡಕ್ಕೆ ಹೊಂದಬೇಕಲ್ಲ.”

ಇಂಗ್ಲಿಷಿಗೆ ಹೊಂದುವಂತೆ ಉಳಿದ ಭಾಷೆಗಳ ಅಕ್ಷರಗಳನ್ನೆಲ್ಲ ತಿದ್ದುತ್ತ ಬಂದವನು ನಾನು. ಟೇಪು ಹಿಡಿದು ಏಣಿ ಹತ್ತಿ, ಇಂಗ್ಲಿಷಿನ ಅಳತೆ ತೆಗೆದುಕೊಂಡೆ.