ಹಗಲುನಿದ್ದೆಯ ಕಾರಣ

ಯಕೃತ್ತಿನಲ್ಲಿ ಕ್ಯಾನ್ಸರ್ ಬೆಳೆದವರಿಗೆ ಅದಕ್ಕೂ ಮೊದಲೇ ನಿದ್ದೆಯ ಲೆಕ್ಕ ತಪ್ಪಿತ್ತೆಂದರೆ, ಅಪರಾಧಿ ನಿದ್ದೆಯೋ ಯಕೃತ್ತೋ? ಓದಿದ ಪುಸ್ತಕಗಳು ಎರಡೂ ಕಡೆಗೆ ತಲೆಯಾಡಿಸಿ ಸುಮ್ಮನಾಗುತ್ತವೆ. ಚೆಂಬೂರಿನ ವಿಮಲಾ ಟೀಚರಿಗೆ ಮಾತ್ರ ೧೯೮೭ರಲ್ಲಿ ಉತ್ತರ ಖಚಿತವಾಗಿ ಗೊತ್ತಿತ್ತು. ಅದನ್ನು ಅವರಿಗೆ ಒದಗಿಸಿದ್ದು ಒಂದು ಮರಾಠಿ ವಾಕ್ಯ.

ವಿಮಲಾ ಕನ್ನಡ ಶಾಲೆಯ ಮಧ್ಯಾಹ್ನದ ಪಾಳಿಯಲ್ಲಿ ವ್ಯಾಕರಣ ಕಲಿಸುತ್ತಿದ್ದರು. ಪತಿ ಸತ್ಯಮೂರ್ತಿ ಮೈಸೂರಿನಿಂದ ಬಂದು ಕಾರ್ಖಾನೆಯೊಂದರ ಲ್ಯಾಬಿನಲ್ಲಿ ತಲೆ ನರೆಯುವ ತನಕ ದುಡಿದವರು; ಲೋಕಲ್‌ನಲ್ಲಿ ಕಿಟಕಿಯ ಸೀಟು ಸಿಕ್ಕಾಗಲೂ ತೂಕಡಿಸದವರು. ಅಂಥವರು ಆ ವರ್ಷ ರಾತ್ರಿ ಕಣ್ಣು ಬಿಟ್ಟುಕೊಂಡಿದ್ದು, ಹಗಲು ತುತ್ತು ಕೈಯಲ್ಲಿರುವಾಗಲೇ ನಿದ್ದೆಹೋಗತೊಡಗಿದರು. ಆಸ್ಪತ್ರೆಯ ಡಾಕ್ಟರು ಕಣ್ಣಿನ ಹಳದಿ ನೋಡಿ, ಹೊಟ್ಟೆ ಒತ್ತಿ, "ದಿವ್ಸಾ ಝೋಪ್ ಯೇತೆ, ಕಾರಣ್ ಯಕೃತ್ ಬಿಘಡ್ಲಯ್" ಎಂದು ಮಾತ್ರೆ ಬರೆದುಕೊಟ್ಟರು.

ವಿಮಲಾ ಈ ಮಾತನ್ನು ಕನ್ನಡ ವ್ಯಾಕರಣದ ಪ್ರಕಾರ ಕೇಳಿಸಿಕೊಂಡರು. ಮಳೆಯ ಕಾರಣ ಶಾಲೆಗೆ ರಜೆ. ಹಗಲುನಿದ್ದೆಯ ಕಾರಣ ಯಕೃತ್ತು ಕೆಟ್ಟಿದೆ. ಇನ್ನು ಮಾತ್ರೆಗಿಂತ ಮುಖ್ಯವಾದದ್ದು ನಿದ್ದೆಯನ್ನು ಬಿಡಿಸುವುದು. ದಿಂಬುಗಳು ಬೀರುವಿಗೆ ಹೋದವು, ಬೀರುವಿನ ಕೀಲಿ ಸೆರಗಿಗೆ. ಆರಾಮಕುರ್ಚಿಯ ಕ್ಯಾನ್‌ವಾಸನ್ನು ಬಿಚ್ಚಿ ಕಸಕ್ಕೆ ಹಾಕಿದರು. ಬರಿಯ ಚೌಕಟ್ಟಿನ ಮುಂದೆ ನಿಂತು ಸತ್ಯಮೂರ್ತಿ, "ಇದರಲ್ಲಿ ಕೂರೋದಕ್ಕೆ ತ್ರಿಶಂಕುವೇ ಬರಬೇಕು" ಎಂದರು.

ಉಳಿದದ್ದು ವಿಮಲಾ ಶಾಲೆಯಲ್ಲಿರುವ ಮಧ್ಯಾಹ್ನ. ಅದಕ್ಕೆ ಅವರು ಬಿಲ್ಡಿಂಗಿನ ರಾತ್ರಿಯ ಕಾವಲುಗಾರ ಬಂಡೆಪ್ಪನನ್ನು ಕರೆದರು.

"ನಿದ್ದೆಗೆಡೋದ್ರಲ್ಲಿ ನಿನ್ನ ಮೀರಿಸೋರು ಯಾರಿದಾರೆ? ನಾನು ಬರೋ ತನಕ ಸಾಹೇಬ್ರನ್ನ ಎಚ್ಚರ ಇಟ್ಟಿರು."

"ಬಾಯಾರ, ನಾ ಎಚ್ಚರ ಇರೂದು ರಾತ್ರಿರೀ. ಹಗಲ ಮಕ್ಕೊಂಡಿರ್ತೀನಿ."

"ಹಗಲು ಮಲಗಿದ್ರೆ ಯಕೃತ್ತು ಕೆಡುತ್ತೆ."

"ಮುಂಬೈಗೆ ಬಂದಾಗಿಂದ ಹಗಲೇ ಮಕ್ಕೊಳ್ಳಾಕತ್ತೀನ್ರಿ. ಅದು ಎಲ್ಲೈತಿ ಅನ್ನೂದೂ ನನಗಿನ್ನಾ ಗೊತ್ತಾಗಿಲ್ಲ."

ಇಂಥ ಪ್ರತ್ಯುದಾಹರಣೆ ಎದುರಿಗೆ ಬಂದು ನಿಂತಾಗ ಸಿದ್ಧಾಂತವೊಂದು ಸ್ವಲ್ಪವಾದರೂ ತಡವರಿಸಬೇಕು. ವಿಮಲಾ ತಡವರಿಸಲಿಲ್ಲ.

"ನಿಂದು ಗಟ್ಟಿ ಜೀವ ಬಂಡೆಪ್ಪ. ನನಗಿರೋದು ಒಬ್ಬರೇ ಗಂಡ."

ಬಂಡೆಪ್ಪ ತಲೆ ಕೆರೆದುಕೊಂಡು ಒಪ್ಪಿದ.

ಅಂದಿನಿಂದ ಸಂಜೆ ವಿಮಲಾ ಮರಳುವಾಗ ಸತ್ಯಮೂರ್ತಿ ಮುಖ ತೊಳೆದು, ತಲೆ ಬಾಚಿ, ಗೇಟಿನ ಬಳಿಯ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. "ಮಲಗಿದ್ರಾ?" ಎಂದರೆ, "ಬಂಡೆಪ್ಪ ಬಿಟ್ಟರೆ ತಾನೆ" ಎಂಬ ಉತ್ತರ. ಕೆಲವು ತಿಂಗಳು ಅವರ ಮುಖದಲ್ಲಿ ಕಳೆಯೂ ಬಂತು. ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ವಿಮಲಾ ಅದನ್ನೇ ಪುರಾವೆ ಎಂದು ನಂಬಿದರು.

ಮುಂದಿನ ಮಳೆಗಾಲಕ್ಕೆ ಹೊಟ್ಟೆ ಉಬ್ಬಿತು. ಯಕೃತ್ತಿನಲ್ಲಿ ಗಡ್ಡೆಯಿದೆ, ಕ್ಯಾನ್ಸರ್ ಎಂದರು. ವಾರ್ಡಿನಲ್ಲಿ ವಿಮಲಾ ತಮ್ಮ ಕನ್ನಡಮರಾಠಿಯಲ್ಲಿ, ನಿದ್ದೆಯನ್ನು ಪೂರ್ತಿ ಬಿಡಿಸಿದ್ದರೂ ಹೀಗೇಕಾಯಿತು ಎಂದು ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡರು. ಡಾಕ್ಟರು ಕಕ್ಕಾಬಿಕ್ಕಿಯಾದರು. ಟಿಫಿನ್ ತಂದಿದ್ದ ನೆರೆಮನೆಯ ರುಕ್ಮಿಣಿಬಾಯಿ ಡಾಕ್ಟರ ಹಳೆಯ ಮಾತನ್ನು ವಿಮಲಾ ಬಾಯಿಂದಲೇ ಹೇಳಿಸಿ, ಮೆಲ್ಲನೆ ಪಕ್ಕಕ್ಕೆ ಕರೆದರು.

"ಅಗ ವಿಮಲಾ, ಆಮ್ಚ್ಯಾ ಮರಾಠೀತ್ ಕಾರಣ್ ಅಂದ್ರೆ ನಿಮ್ದು 'ಯಾಕಂದ್ರೆ'. ಲಿವರ್ ಖರಾಬ್ ಝಾಲಾ, ಮ್ಹಣೂನ್ ನಿದ್ದೆ. ನಿದ್ದೆಯಿಂದ ಲಿವರ್ ನಾಹೀ."

ವ್ಯಾಕರಣದ ಟೀಚರು ಡಾಕ್ಟರ ವಾಕ್ಯವನ್ನು ಮೊದಲಿನಿಂದ ಇನ್ನೊಮ್ಮೆ ಬಿಡಿಸಿ ನೋಡಿದರು. ಮರುದಿನ ಬೀರುವಿನ ದಿಂಬುಗಳೆಲ್ಲ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಬಂದವು.

"ಇಷ್ಟು ದಿಂಬಿಟ್ಟರೆ ನಾನೆಲ್ಲಿ ಮಲಗಲಿ?" ಎಂದರು ಸತ್ಯಮೂರ್ತಿ.

ಆ ವಾರ ಕಳೆಯುವ ಮೊದಲೇ ಅವರು ತೀರಿಕೊಂಡರು.

ಕ್ಯಾನ್ಸರನ್ನು ವಿಮಲಾ ಹೇಗೋ ಒಪ್ಪಿಕೊಂಡರು. ಕಾಯಿಲೆಯ ಮನುಷ್ಯನಿಗೆ ಒಂದು ವರ್ಷ ನಿದ್ದೆ ಕೊಡದೆ ಇಟ್ಟೆನೆಂಬುದು ಮಾತ್ರ ಗಂಟಲಿನಿಂದ ಇಳಿಯಲಿಲ್ಲ. ವೈಕುಂಠ ಸಮಾರಾಧನೆಯ ದಿನ ಊಟ ಮುಗಿಸಿದ ಬಂಡೆಪ್ಪ ಒಂದು ಗಂಟನ್ನು ತಂದು ಅವರ ಮುಂದಿಟ್ಟ. ಬಿಚ್ಚಿದರೆ, ಕಸಕ್ಕೆ ಹೋಗಿದ್ದ ಕ್ಯಾನ್‌ವಾಸು. ಒಂದು ತುದಿಯಲ್ಲಿ ತಲೆಯೆಣ್ಣೆಯ ಕಲೆ ದಟ್ಟವಾಗಿತ್ತು.

"ಪಂಪ್ ರೂಮಿನ್ಯಾಗ ತೊಟ್ಟಿಲದಂಗ ಜೋಳಿಗಿ ಕಟ್ಟಿದ್ದೆರೀ. ಸಾಹೇಬ್ರು ದಿನಾ ಇದರಾಗ ಮಕ್ಕೋತಿದ್ರು, ನಾ ಕೆಳಗ."

"ದಿನಾನೂ?"

"ದಿನಾನೂರಿ. ನೀವು ಬರೋ ಹೊತ್ತಿಗೆ ಅವರೇ ನನ್ನ ಎಬ್ಬಸ್ತಿದ್ರು."