ಒಂದು 'ರೆ'ಯ ತಕರಾರು

ಬೀದಿಯವರೆಲ್ಲ ಅವನನ್ನು ಸೀಲಪ್ಪ ಎಂದೇ ಕರೆಯುತ್ತಿದ್ದರು. ಮೂವತ್ತೆರಡು ವರ್ಷದಿಂದ ರಬ್ಬರ್ ಸೀಲು ಮಾಡುತ್ತಿದ್ದವನಿಗೆ ಅದು ಒಪ್ಪುವ ಹೆಸರೇ. ಕೋಪ ಸದಾ ಮೂಗಿನ ತುದಿಯಲ್ಲಿ. ಗಿರಾಕಿ 'ಸ್ವಲ್ಪ ಬೇಗ' ಎಂದರೆ ಸಾಕು, ಕೊಟ್ಟ ಚೀಟಿಯನ್ನು ಹಿಂದಕ್ಕೆ ತಳ್ಳುತ್ತಿದ್ದ. ಹೆಡ್‌ಮಾಸ್ಟರು, ಡಾಕ್ಟರು, ಲಾಯರು, ಯಾರೇ ಸಹಿ ಹಾಕಿದರೂ ಅದರ ಕೆಳಗೆ ಬೀಳುವ ನೀಲಿ ಗುರುತು ಅವನ ಕೋಣೆಯಲ್ಲೇ ಹುಟ್ಟಿದ್ದು. ಹಾಗಾಗಿ ಅವನ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿತ್ತು: ಬರೆದು, ಸಹಿ ಹಾಕಿ, ಸೀಲು ಒತ್ತಿದ್ದು ಮಾತ್ರ ಮಾತು, ಉಳಿದದ್ದು ಗಾಳಿ. ಆ ಗಾಳಿಯನ್ನು ಮಹಾಶಯ ಧಾರಾಳವಾಗಿ ಬಿಡುತ್ತಿದ್ದ.

ಅಂಗಡಿಯೆಂದರೆ ಹತ್ತಡಿ ಉದ್ದದ ಒಂದು ಕೋಣೆ. ಗೋಡೆಗೆ ಒತ್ತಿ ಒಂದೊಂದು ಅಕ್ಷರದ ಅಚ್ಚಿನ ಮೊಳೆಗಳ ಮರದ ಪೆಟ್ಟಿಗೆಗಳು, ಮೂಲೆಯಲ್ಲಿ ರಬ್ಬರನ್ನು ಬಿಸಿ ಮಾಡಿ ಅಚ್ಚಿಗೆ ಒತ್ತುವ ಕಬ್ಬಿಣದ ಪ್ರೆಸ್ಸು. ಅಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದವಳು ಅವನ ನಾದಿನಿ, ಹೆಂಡತಿಯ ಒಡಹುಟ್ಟಿದ ತಂಗಿ. ಉಲ್ಟಾ ಅಕ್ಷರಗಳನ್ನು ಸಾಲಾಗಿ ಜೋಡಿಸುವುದರಲ್ಲಿ ಅವನಿಗಿಂತ ಅವಳ ಕೈ ಚುರುಕು. ಅವನು ಜೋಡಿಸಿದ್ದರಲ್ಲಿ ಒತ್ತಕ್ಷರ ತಪ್ಪಿದ್ದರೆ ಗಿರಾಕಿಯ ಎದುರಿಗೇ ಹೇಳಿಬಿಡುತ್ತಿದ್ದಳು. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವಳಿಲ್ಲದೆ ಅಂಗಡಿ ನಡೆಯುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೂರು ವರ್ಷದ ಹಿಂದೆ ಅವಳಿಗೆ ಒಂದು ದೊಡ್ಡ ಮುದ್ರಣಾಲಯದಿಂದ ನೌಕರಿಯ ಪತ್ರ ಬಂದಾಗ ಎರಡು ದಿನ ಅವನು ಕಂಡ ಕಂಡ ಗಿರಾಕಿಗಳ ಮೇಲೆ ಹರಿಹಾಯ್ದ. ಮೂರನೆಯ ದಿನ, ಹೆಂಡತಿ ಮಧ್ಯಾಹ್ನದ ಊಟ ತಂದು ಪಕ್ಕದಲ್ಲೇ ನಿಂತಿದ್ದಾಗ, ನಾದಿನಿಯನ್ನು ಕರೆದು ಹೇಳಿದ.

"ಆ ಕೆಲಸ ಬೇಡ ಅಂದುಬಿಡು. ಇನ್ನು ಮೂರು ವರ್ಷ ಇಲ್ಲೇ ಉಳಿದ್ರೆ ಈ ಪ್ರೆಸ್ಸು, ಮೊಳೆ ಪೆಟ್ಟಿಗೆ ಎಲ್ಲಾ ನಿಂದೇ. ಬೇರೆ ಅಂಗಡಿ ಇಟ್ಕೊ."

"ಆಯ್ತು ಭಾವ," ಎಂದಳು. ಅವತ್ತೇ ಮುದ್ರಣಾಲಯಕ್ಕೆ ಬರುವುದಿಲ್ಲವೆಂದು ಬರೆದು ಹಾಕಿದಳು.

ಮೂರು ವರ್ಷ ತುಂಬುವ ಹೊತ್ತಿಗೆ ಸರಿಯಾಗಿ ಒಬ್ಬ ಹೋಟೆಲ್ ಮಾಲೀಕ ಬಂದ. ಹಳೆಯ ಪ್ರೆಸ್ಸನ್ನು ತಿಕ್ಕಿ ಹೊಳಪು ಬರಿಸಿ ತನ್ನ ಹೋಟೆಲಿನ ಬಾಗಿಲಲ್ಲಿ ಇಡುತ್ತಾನಂತೆ, ಮೇಲೆ ಸೀಲಪ್ಪನ ಫೋಟೋ ಹಾಕಿಸುತ್ತಾನಂತೆ. ಫೋಟೋ ಎಂದೊಡನೆ ನಮ್ಮವನು ಉಬ್ಬಿಹೋಗಿ ಪ್ರೆಸ್ಸು ಕೊಡಲು ಒಪ್ಪಿಬಿಟ್ಟ. ನಾದಿನಿ ಕೊಟ್ಟ ಮಾತು ನೆನಪಿಸಿ ಕೇಳಿದ್ದಕ್ಕೆ ಮುಖಕ್ಕೆ ಹೊಡೆದಂತೆ ಹೇಳಿದ: "ಯಾವ ಮಾತು? ಕಾಗದ ಎಲ್ಲಿದೆ? ಸೀಲು ಎಲ್ಲಿದೆ?"

ಅವಳು ಕೈಯ ಮಸಿ ಒರೆಸಿಕೊಂಡು ಹೊರಟುಹೋದಳು. ಎಂಟನೆಯ ದಿನ ಲಾಯರ್ ನೋಟೀಸು ಬಂತು: ಮಾತಿನಂತೆ ಪ್ರೆಸ್ಸು ಕೊಡಬೇಕು, ಇಲ್ಲವೇ ಕೋರ್ಟಿಗೆ ಬರಬೇಕು.

ಸೀಲಪ್ಪ ನೋಟೀಸನ್ನು ಮುದುರಿಕೊಂಡು ತನ್ನ ಹಳೆಯ ಗಿರಾಕಿಯಾದ ವಕೀಲರ ಕೋಣೆಗೆ ನುಗ್ಗಿದ. ವಕೀಲರು ಎರಡು ಸಲ ಓದಿದರು.

"ಎಲ್ಲಾ ಕರಾರಿಗೂ ಕಾಗದ ಬೇಕಿಲ್ಲ ಕಣಯ್ಯ. ಮನೆ, ಜಮೀನು ಅಂದ್ರೆ ಬೇರೆ ಮಾತು. ನೀನು ಕೊಡ್ತೀನಿ ಅಂದೆ, ಅವಳು ಒಪ್ಪಿದಳು. ಅದಕ್ಕೆ ಪ್ರತಿಯಾಗಿ ಬಂದ ಕೆಲಸ ಬಿಟ್ಟು ಮೂರು ವರ್ಷ ದುಡಿದಳು. ಇನ್ನೇನು ಬೇಕು?"

"ಅವಳು ನನ್ನ ನಾದಿನಿ. ಮನೆಯೋರು ಆಡಿದ ಮಾತು ಅದು."

"ಆಡಿದ್ದು ಅಂಗಡೀಲಿ, ಕೆಲಸದ ವಿಷಯಕ್ಕೆ. ಸುಮ್ನೆ ಖುಷಿಗೆ, 'ಮುಂದೆ ಒಂದಿನ ಕೊಡ್ತೀನಿ' ಅಂದಿದ್ರೆ ನಿನ್ನನ್ನ ಬಿಡಿಸಬಹುದಿತ್ತು. ಬರೀ ಉಡುಗೊರೆ ಮಾತು ನಿಲ್ಲೋದು ಕಷ್ಟ. ಆದ್ರೆ ನೀನು 'ಉಳಿದ್ರೆ' ಅಂದಿದೀಯ ಅಂತ ಬರೆದಿದಾರೆ. ಆ 'ರೆ' ಇದ್ಯಲ್ಲ, ಅದೇ ನಿನ್ನ ಕುತ್ತಿಗೆಗೆ ಬಿದ್ದಿರೋದು."

ಸಾವಿರಾರು 'ರೆ'ಗಳನ್ನು ಚಿಮಟದಲ್ಲಿ ಎತ್ತಿಟ್ಟವನಿಗೆ ಒಂದು 'ರೆ' ತಿರುಗಿಬಿದ್ದದ್ದು ಸಹಿಸಲಾಗಲಿಲ್ಲ. ಆ ಮಾತು ಆಡಿದ ಹೊತ್ತು ಸಾಕ್ಷಿಗೆ ಅಲ್ಲಿ ಇದ್ದವಳು ಹೆಂಡತಿ ಒಬ್ಬಳೇ ಎಂದು ನೆನಪಾದಾಗ ಜೀವ ಬಂದಂತಾಯಿತು. ಮನೆಗೆ ಹೋದವನೇ ಅವಳನ್ನು ಎದುರಿಗೆ ಕೂರಿಸಿ ಪಾಠ ಹೇಳಿದ.

"'ಉಳಿದ್ರೆ' ಅನ್ನಲಿಲ್ಲ. 'ಮುಂದೆ ಒಂದಿನ ಕೊಡ್ತೀನಿ' ಅಂದೆ ಅಷ್ಟೇ. ತಿಳೀತಾ?"

ಅವಳು ಪಾತ್ರೆ ಒರೆಸುತ್ತ ಕೇಳಿಸಿಕೊಂಡಳು. ಇಪ್ಪತ್ತೇಳು ವರ್ಷದಲ್ಲಿ ಅವಳು ಎದುರಾಡಿದ್ದು ಅವನಿಗೆ ನೆನಪಿಲ್ಲ, ಹಾಗಾಗಿ ನಿಶ್ಚಿಂತೆಯಿಂದ ಇದ್ದ.

ಕೋರ್ಟಿಗೆ ಹೋಗುವ ಮೊದಲು ಕೂತು ಮಾತಾಡೋಣವೆಂದು ವಕೀಲರು ಎಲ್ಲರನ್ನೂ ಕರೆಸಿದರು. ನಾದಿನಿ ಕಿಟಕಿಯ ಕಡೆ ಕೂತಳು. ಅಕ್ಕ ಬಂದು ಅವಳ ಪಕ್ಕದ ಕುರ್ಚಿಯಲ್ಲೇ ಕೂತದ್ದು ಸೀಲಪ್ಪನಿಗೆ ಹಿಡಿಸಲಿಲ್ಲ.

"ಅವತ್ತು ಇವರು ಏನಂದ್ರಮ್ಮ?" ವಕೀಲರು ಅಕ್ಕನನ್ನು ಕೇಳಿದರು.

"ಮೂರು ವರ್ಷ ಉಳಿದ್ರೆ ಎಲ್ಲಾ ನಿಂದೇ ಅಂದ್ರು."

ಸೀಲಪ್ಪ ಹಲ್ಲು ಕಡಿದ. "ಮನೆಗೆ ಬಾ, ನೋಡ್ಕೋತೀನಿ," ಎಂದು ಗೊಣಗಿದ. ಅವಳು ಅವನತ್ತ ತಿರುಗಲೂ ಇಲ್ಲ.

"ಸಾರ್, ನಂದೂ ಒಂದು ಕೇಳೋದಿತ್ತು. ಮದುವೆಯಾದ ವರ್ಷ ಇವರು ನನಗೂ ಹೇಳಿದ್ರು. ಈಗ ಓದು ಬಿಟ್ಟು ಮನೆ ನೋಡ್ಕೊಂಡ್ರೆ, ಮಕ್ಕಳು ದೊಡ್ಡೋರಾದ ಮೇಲೆ ಕಾಲೇಜಿಗೆ ಸೇರಿಸ್ತೀನಿ ಅಂತ. ಅದರಲ್ಲೂ 'ರೆ' ಇತ್ತು. ನಾನು ಓದು ಬಿಟ್ಟೆ. ಮಕ್ಕಳು ದೊಡ್ಡೋರಾದ್ರು. ಇದಕ್ಕೂ ನೋಟೀಸು ಕೊಡಬಹುದಾ?"

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗಂಡ ಹೆಂಡತಿ ಮನೆಯೊಳಗೆ ಆಡಿದ ಮಾತನ್ನ ಕೋರ್ಟು ಸಾಮಾನ್ಯವಾಗಿ ಕರಾರು ಅಂತ ತಗೊಳಲ್ಲಮ್ಮ."

"ಅಂದ್ರೆ ನನ್ನ ತಂಗಿಗೆ ಆಡಿದ್ದು ಮಾತು, ನನಗೆ ಆಡಿದ್ದು ಮಾತಲ್ಲ."

ಅಂಥ ಮಾತು ತಾನು ಆಡಿಯೇ ಇಲ್ಲ ಎನ್ನಲು ಸೀಲಪ್ಪ ಬಾಯಿ ತೆರೆದ. ಅಷ್ಟರಲ್ಲಿ ನೆನಪಾಯಿತು. ಆಡಿದ್ದ. ಕಿಟಕಿಯ ಬಳಿ ನಿಂತು, ಅವಳ ಪುಸ್ತಕಗಳನ್ನು ತಾನೇ ಅಟ್ಟದ ಮೇಲೆ ಎತ್ತಿಡುತ್ತ ಆಡಿದ್ದ. ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಪ್ರೆಸ್ಸು ಹೊತ್ಕೊಂಡು ಹೋಗಿ, ಪೀಡೆ ತೊಲಗಲಿ," ಎಂದ. "ಅಕ್ಕ ತಂಗಿ ಎಷ್ಟು ದಿನ ಒಟ್ಟಿಗಿರ್ತೀರೋ ನಾನೂ ನೋಡ್ತೀನಿ."

ಹೆಂಡತಿ ಚೀಲದಿಂದ ಒಂದು ಕಾಗದ ತೆಗೆದು ವಕೀಲರ ಮುಂದಿಟ್ಟಳು. "ನಾವು ಒಡಹುಟ್ಟಿದೋರು ಅಂತ ಬಾಯಿಮಾತಿಗೆ ಬಿಡಲಿಲ್ಲ ಸಾರ್. ಸರಿಯಾಗಿದೆಯಾ ನೋಡಿ."

ವಕೀಲರು ಗಟ್ಟಿಯಾಗಿ ಓದಿದರು. ಹೊಸ ಅಂಗಡಿಯಲ್ಲಿ ತಂಗಿ ಮೊಳೆ ಜೋಡಿಸತಕ್ಕದ್ದು. ಅಕ್ಕ ಗಿರಾಕಿಗಳನ್ನು ನೋಡಿಕೊಂಡು, ಬರಹ ತಿದ್ದತಕ್ಕದ್ದು. ಬಂದ ಲಾಭ ಇಬ್ಬರಿಗೂ ಸಮ. ನಾಲ್ಕಕ್ಕೆ ಅಕ್ಕನನ್ನು ಸಂಜೆ ಕಾಲೇಜಿಗೆ ಹೋಗಲು ಬಿಡತಕ್ಕದ್ದು, ತಂಗಿ ತಡೆಯತಕ್ಕದ್ದಲ್ಲ.

"ಚೆನ್ನಾಗಿದೆ. ಇದು ನಿಲ್ಲುತ್ತೆ," ಎಂದರು.

ಸೀಲಪ್ಪ ಆ ಕಾಗದವನ್ನು ಕಿತ್ತುಕೊಂಡು ತಾನೂ ಓದಿದ. ತಪ್ಪು ಹುಡುಕಿದ, ಒಂದೂ ಸಿಗಲಿಲ್ಲ. ಆಮೇಲೆ ಮತ್ತೊಮ್ಮೆ ಮೊದಲಿನಿಂದ ನಿಧಾನವಾಗಿ ಓದಿದ. ಈ ಸಲ ಅವನು ಹುಡುಕಿದ್ದು ತನ್ನ ಹೆಸರನ್ನು. ಅದು ಎಲ್ಲೂ ಇರಲಿಲ್ಲ.